ಇಮಾಂ ಕುಡಿದ ಬಾಟ್ಲಿ

ಸೈಕಲ್ ಸ್ಪರ್ಧೆಯ ಸವಾರರ ಕಾಲು ತಿಕ್ಕುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಅದೇ: ಯಾವ ಎಣ್ಣೆ, ಎಷ್ಟು ಹೊತ್ತು ತಿಕ್ಕಬೇಕು, ಸ್ಪರ್ಧೆಯ ದಿನ ಏನು ಕುಡಿಸಬೇಕು. ಎಣ್ಣೆಯಲ್ಲಿ ಏನೂ ಗುಟ್ಟಿಲ್ಲ, ಎಳ್ಳೆಣ್ಣೆ ಸಾಕು. ಕುಡಿಸುವ ವಿಚಾರ ಮಾತ್ರ ಬಾಯಲ್ಲಿ ಹೇಳಲು ಹೋದರೆ ಅರ್ಧ ನುಂಗಿಬಿಡುತ್ತೇನೆ ಎಂದು ನನಗೇ ಗೊತ್ತು. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಕೇಳಬೇಡಿ. ಶಾಲು ಪೆಟ್ಟಿಗೆಯಲ್ಲಿದೆ, ಅದಕ್ಕೆ ನುಸಿ ಹಿಡಿದಿದೆ.

ನನ್ನ ಹೆಸರು ಗುರಪ್ಪ. ಊರು ಸಾಂಗಲಿ. ನಾನು ಹೇಳುತ್ತಿರುವುದು ಸಾಂಗಲಿ, ಮಿರಜ ಎರಡೂ ಬೇರೆ ಬೇರೆ ಸಂಸ್ಥಾನಗಳಾಗಿದ್ದ ಕಾಲದ ಮಾತು. ಎರಡು ಊರಿನ ನಡುವೆ ಒಂದು ರಸ್ತೆ, ವಿಶ್ರಾಮಬಾಗದ ಆಚೆ ಒಂದು ಸುಂಕದ ನಾಕಾ. ಅರಿಷಿಣ ಪೇಟೆಯ ನಮ್ಮ ವ್ಯಾಪಾರಿಗಳು ಮೊದಲಿನಿಂದ ಪೈಲ್ವಾನರನ್ನು ಸಾಕುತ್ತಿದ್ದರು, ಆಮೇಲೆ ಸೈಕಲ್ ಸವಾರರನ್ನೂ ಸಾಕತೊಡಗಿದರು. ಸವಾರನಿಗೆ ಹಾಲು, ತುಪ್ಪ, ಬದಾಮಿ, ಬಟ್ಟೆ ಎಲ್ಲ ಪೇಟೆಯದು. ಅವನ ಕಾಲು ನೋಡಿಕೊಳ್ಳಲು, ಅವನ ಖುರಾಕು ಅಂದರೆ ತಿನ್ನುವ ಕುಡಿಯುವ ವಸ್ತು ಮಾಡಿಕೊಡಲು ಒಬ್ಬ ಮಾಲೀಶುಗಾರ. ಗಣಪತಿ ಹಬ್ಬದಲ್ಲಿ ಎರಡು ಊರಿಗೂ ಸ್ಪರ್ಧೆ. ಸಾಂಗಲಿಯ ಗಣಪತಿ ಗುಡಿಯಿಂದ ಮಿರಜದ ಕೋಟೆ ಬಾಗಿಲಿಗೆ ಹೋಗಿ ಬಂದರೆ ಒಂದು ಫೇರಿ, ಅಂಥವು ನಾಲ್ಕು. ಸಾಂಗಲಿಯ ಸವಾರ ದತ್ತು, ಅವನ ಮಾಲೀಶು ನಾನು. ಮಿರಜದ ಸವಾರ ಮಾರುತಿ, ಅವನ ಮಾಲೀಶು ಇಮಾಂ.

ಇಮಾಂ ಮತ್ತು ನಾನು ಒಂದೇ ವಸ್ತಾದರ, ಅಂದರೆ ಗುರುಗಳ, ಕೈಕೆಳಗೆ ಕಲಿತವರು. ಮಿರಜದ ತಾಲೀಮಿನಲ್ಲಿ, ಗರಡಿಮನೆಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ, ವಸ್ತಾದರು ಮಾಲೀಶಿನ ಮಣೆಯ ಮೇಲೆ ಕುಳಿತರೆಂದರೆ ದೊಡ್ಡ ದೊಡ್ಡ ಪೈಲ್ವಾನರೂ ಅವರ ಮುಂದೆ ಮಗುವಿನ ಹಾಗೆ ಕಾಲು ಚಾಚುತ್ತಿದ್ದರು. ಇಮಾಂನ ಮನೆಯವರು ತಂಬೂರಿ ಮಾಡುವವರು. ಕುಂಬಳ ಬುರುಡೆ ಕೆರೆದು ಕೆರೆದು ಅವನ ಬೆರಳಿಗೆ ಅದೇನೋ ಬಂದಿತ್ತು. ನಾನು ಒಂದು ವರ್ಷ ಬೆವರು ಸುರಿಸಿ ಕಲಿತದ್ದನ್ನು ಅವನು ಎರಡು ತಿಂಗಳಲ್ಲಿ ಕಲಿತ. ಒಂದು ದಿನ ಎಲ್ಲರ ಎದುರಿಗೆ ವಸ್ತಾದರು ಅಂದರು:

"ಗುರ್‍ಯಾ, ನೀ ಕಾಲ ತಿಕ್ಕತಿ. ಇಮಾಂ ಕಾಲ ಏನ ಹೇಳ್ತೈತಿ ಅಂತ ಕೇಳ್ತಾನ. ಅಷ್ಟs ಫರಕು."

ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ನಾನೂ ಆಡಿಸಿದೆ. ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿತ್ತು. ಇವನ ಕೈಗೆ ಲಕ್ವಾ ಹೊಡೆಯಬಾರದೇ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ. ಅವನು ಮಾತ್ರ ಸಂಜೆ ನನ್ನ ಹೆಗಲ ಮೇಲೆ ಕೈ ಹಾಕಿ ಮನೆಗೆ ಕರೆದೊಯ್ಯುತ್ತಿದ್ದ. ಅವನ ತಾಯಿ, ನಾನು ಅವರ ಅಡಿಗೆ ಉಣ್ಣುವುದಿಲ್ಲವೆಂದು, ಹಣ್ಣು ತೆಗೆದಿಡುತ್ತಿದ್ದಳು. ರಂಜಾನ್ ತಿಂಗಳಲ್ಲಿ ಅವರ ಕಟ್ಟೆಯ ಮೇಲೆ ಕುಳಿತು, ಹೊತ್ತು ಮುಳುಗಿದ ಮೇಲೆ ಅವರೊಂದಿಗೆ ಖರ್ಜೂರ ತಿಂದವನು ನಾನು. ಹಗಲು ಅವರು ಒಂದು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಚೆನ್ನಾಗಿ ಗೊತ್ತಿತ್ತು.

ಕೆಲಸದ ರೀತಿಯೂ ಆಗ ಬದಲಾಗುತ್ತಿತ್ತು. ನಾವು ಕಲಿತದ್ದು ಪೈಲ್ವಾನರ ಮಾಲೀಶು: ಮುಷ್ಟಿಯಿಂದ ಗುದ್ದು, ಮೊಣಕೈಯಿಂದ ಅರೆ. ಸೈಕಲ್ ತುಳಿದು ಬಂದವನ ಮೀನಖಂಡವನ್ನು ಹಾಗೆ ಗುದ್ದಿದರೆ ಮರುದಿನ ಅವನು ಕುಂಟುತ್ತಾನೆ ಎಂದು ಮೊದಲು ಕಂಡುಕೊಂಡವನು ಇಮಾಂ. ಅವನು ಕೆಳಗಿನಿಂದ ಮೇಲಕ್ಕೆ, ಅಂಗೈಯಿಂದ, ಹಗುರಾಗಿ ಎಳೆಯತೊಡಗಿದ. ನಾನು ಬಿದ್ದು ಬಿದ್ದು ನಕ್ಕೆ. "ಇದೇನೋ, ಬಾಣಂತಿ ಕೂಸಿಗೆ ಎಣ್ಣಿ ಹಚ್ಚಿದಾಂಗ!" ಅಂದೆ. ಆರು ತಿಂಗಳಾದ ಮೇಲೆ ಬಾಗಿಲು ಹಾಕಿಕೊಂಡು ದತ್ತುವಿನ ಕಾಲಿಗೆ ನಾನೂ ಹಾಗೆಯೇ ಮಾಡಿದೆ. ಇಂದು ನೀವೆಲ್ಲ ನನ್ನ ಪದ್ಧತಿ ಎಂದು ಕಲಿಯುತ್ತಿರುವುದು ಅದೇ.

ಇನ್ನು ಖುರಾಕಿನ ಮಾತು. ಈಗ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ನಿಮಗೆ ಪಟ್ಟಿ ಕೊಡುತ್ತಾರೆ. ನಮಗೆ ಪಟ್ಟಿ ಎಲ್ಲಿಯದು? ಬದಾಮಿ ಅರೆದು ಹಾಲಿಗೆ ಕಲಸಿದ ಥಂಡಾಯಿ ಊಟ. ಅದಕ್ಕೆ ಗಸಗಸೆ ಅರೆದು ಹಾಕಿದರೂ ಊಟ. ಚಿಟಿಕೆ ಭಂಗಿ ಸೇರಿಸಿದರೆ? ಭಂಗಿ ಅಂಗಡಿಯಲ್ಲೇ ಸಿಗುತ್ತಿತ್ತು, ಹಬ್ಬಕ್ಕೆ ಹಿರಿಯರೇ ಕುಡಿಯುತ್ತಿದ್ದರು. ನೋವಿಗೆಂದು ಗುಲಗಂಜಿಯಷ್ಟು ಅಫೀಮು ಕೊಟ್ಟರೆ ಅದು ಔಷಧವೋ ಮೋಸವೋ? ಯಾರೂ ಗೆರೆ ಎಳೆದಿರಲಿಲ್ಲ. ಇದ್ದದ್ದು ಕುಸ್ತಿಯ ಅಖಾಡದಿಂದ ಬಂದ ಒಂದೇ ಪದ್ಧತಿ: ಖುರಾಕು ಮಾಡಿದವನು ತೀರ್ಪು ಕೊಡುವ ಪಂಚರ ಎದುರಿಗೆ ಮೊದಲ ಗುಟುಕು ತಾನು ಕುಡಿಯಬೇಕು, ಆಮೇಲೆ ಸವಾರನಿಗೆ ಕೊಡಬೇಕು. ಯಾರಾದರೂ ಸಂಶಯ ತೆಗೆದರೆ ಮಾಡಿದವನು ಇಡೀ ಬಾಟ್ಲಿ ಕುಡಿದು ಪಂಚರ ಕಣ್ಣೆದುರು ಕುಳಿತಿರಬೇಕು. ನಮ್ಮ ಪ್ರಯೋಗಶಾಲೆ ಅಂದರೆ ಅಷ್ಟೇ.

ಮೊದಲ ವರ್ಷ ನಾನೇ ಈ ಪದ್ಧತಿಗೆ ಸಿಕ್ಕಿಬಿದ್ದೆ. ದತ್ತುವಿಗೆ ಕಾಲುನೋವು ತಿಳಿಯಬಾರದೆಂದು ಥಂಡಾಯಿಗೆ ಭಂಗಿ ಹಾಕಿದ್ದೆ, ಕೈ ಸ್ವಲ್ಪ ಜಾಸ್ತಿಯಾಯಿತು. ಎರಡನೆಯ ಫೇರಿಗೆ ದತ್ತು ಸೈಕಲ್ ಇಳಿದು, ರಸ್ತೆಬದಿಯ ಕಬ್ಬಿನ ಗಾಡಿಯ ನೆರಳಿನಲ್ಲಿ ಕುಳಿತು, ಎತ್ತುಗಳಿಗೆ ತನ್ನ ಮದುವೆಯ ಮಾತು ಹೇಳತೊಡಗಿದ. ಪಂಚರು ನನ್ನನ್ನು ಏನೆಂದು ಕೇಳಿದರೆ, ಪ್ರತಿ ಬಾಟ್ಲಿಯ ಮೊದಲ ಗುಟುಕು ಕುಡಿದ ನಾನೂ ಕಿಸಕ್ಕನೆ ನಕ್ಕೆ. ನಗು ನಿಲ್ಲಲೊಲ್ಲದು! ಜನ ಹೊಟ್ಟೆ ಹಿಡಿದುಕೊಂಡರು. ಇಮಾಂ ಓಡಿ ಬಂದು ನಮ್ಮಿಬ್ಬರ ತಲೆಗೂ ಕೊಡ ನೀರು ಸುರಿದು, "ಬಿಸಲ ಹತ್ಯದ್ರಿ ಇವರಿಗೆ, ಬಿಡ್ರಿ" ಎಂದು ಪಂಚರಿಗೆ ಹೇಳಿ ನನ್ನ ಮಾನ ಉಳಿಸಿದ. ಆ ಉಪಕಾರವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆ ವರ್ಷ ಮಾರುತಿ ಗೆದ್ದ. ಮುಂದಿನ ವರ್ಷವೂ ಮಾರುತಿಯೇ ಗೆದ್ದ. ನಾಲ್ಕನೆಯ ಫೇರಿಗೆ ಎಲ್ಲರ ಕಾಲೂ ಸೀಸವಾದಾಗ ಮಾರುತಿ ಆಗತಾನೆ ಎದ್ದು ಬಂದವನ ಹಾಗೆ ತುಳಿಯುತ್ತಿದ್ದ. ಇಮಾಂನ ಕೈಗುಣ ಎಂದು ಜನ ಹೊಗಳಿದರು. ಕೈಗುಣವಂತೆ! ಅವನ ಬಾಟ್ಲಿಯಲ್ಲಿ ಏನೋ ಇದೆ ಎಂದು ನಾನು ಖಚಿತ ಮಾಡಿಕೊಂಡೆ. ಸ್ಪರ್ಧೆ ಮುಗಿದ ಮೇಲೆ ನಾಕಾದ ಬಳಿ ಬಿದ್ದಿದ್ದ ಅವನ ತಗಡಿನ ಬಾಟ್ಲಿಯನ್ನು ಕದ್ದು ಎತ್ತಿ, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ನೆಕ್ಕಿದೆ. ಬೆಲ್ಲ, ಉಪ್ಪು, ನಿಂಬೆ, ಕೊನೆಗೆ ಒಂದಿಷ್ಟು ಕಹಿ. ಸಿಕ್ಕಿತಲ್ಲ ಎಂದು ಕುಣಿದಾಡುವಷ್ಟು ಸಂತೋಷವಾಯಿತು ನನಗೆ. ಅವನು ಕೊಡುತ್ತಾನೆಂದ ಮೇಲೆ ನಾನು ಕೊಟ್ಟರೇನು ತಪ್ಪು? ಈ ಲೆಕ್ಕಾಚಾರ ನಿಮ್ಮಲ್ಲಿ ಯಾರಿಗಾದರೂ ಹೊಳೆದಿದ್ದರೆ ಅವತ್ತೇ ಕೆಲಸ ಬಿಟ್ಟು ಕಿರಾಣಿ ಅಂಗಡಿ ಇಡಿ.

ಅದು ಯುದ್ಧದ ಕಾಲ. ಸೈಕಲ್ಲಿಗೆ ಟಯರು ಸಿಗುತ್ತಿರಲಿಲ್ಲ, ಮಿರಜ ಸ್ಟೇಷನ್ನಿನಲ್ಲಿ ಮಾತ್ರ ಸೈನಿಕರ ಗಾಡಿಗಳು ಬಂದು ನಿಲ್ಲುತ್ತಿದ್ದವು. ಸೊಂಟ ಹಿಡಿದ ಒಬ್ಬ ಮಿಲಿಟರಿ ಡ್ರೈವರನಿಗೆ ಪ್ಲಾಟ್‌ಫಾರ್ಮಿನ ಮೇಲೆಯೇ ಮಾಲೀಶು ಮಾಡಿದೆ. ಅವನು ಖುಷಿಯಾಗಿ ಒಂದು ಸಣ್ಣ ಡಬ್ಬಿ ಕೊಟ್ಟ. ಒಳಗೆ ಬಿಳಿ ಗುಳಿಗೆ. ನುಂಗಿದರೆ ನಿದ್ದೆ ಬರುವುದಿಲ್ಲ, ದಣಿವು ತಿಳಿಯುವುದಿಲ್ಲ ಎಂದ. ಮನೆಗೆ ಬಂದು ಒಂದು ನುಂಗಿದೆ. ಮಟಮಟ ಮಧ್ಯಾಹ್ನ ಇಡೀ ಮನೆ ಸಾರಿಸಿದೆ, ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಿದೆ, ಬಾವಿಯಿಂದ ನೀರು ಸೇದಿ ಪಕ್ಕದ ಮನೆಯ ಹಂಡೆಯನ್ನೂ ತುಂಬಿಸಿದೆ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು, "ಏನಾಗೈತ್ರಿ ನಿಮಗ? ಮೈಮ್ಯಾಲೆ ಏನರ ಬಂದೈತೇನು?" ಎಂದು ಅಳುವುದೊಂದು ಬಾಕಿ. ಗುಳಿಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಯಿತು.

ಅದೇ ವರ್ಷ ವಸ್ತಾದರ ಕೈ ನಡುಗತೊಡಗಿತು. ಅವರ ಮಣೆಗೆ ಒಬ್ಬ ಬೇಕಾಗಿತ್ತು. ಆ ಮಣೆ ಅಂದರೆ ಸಂಸ್ಥಾನದ ಕಾಯಂ ಕೆಲಸ, ಸಾಯುವವರೆಗೆ ಮರ್ಯಾದೆ. ಇಮಾಂಗೇ ಕೊಡಬೇಕೆಂದು ವಸ್ತಾದರ ಮನಸ್ಸು. ಆದರೆ ತಾಲೀಮಿಗೆ ನಮ್ಮ ಪೇಟೆಯ ಹಣವೂ ಹೋಗುತ್ತಿತ್ತು, ಸಾಂಗಲಿಯವರು ತಕರಾರು ತೆಗೆದುದರಿಂದ ಈ ಗಣಪತಿ ಹಬ್ಬದ ಸ್ಪರ್ಧೆಯಲ್ಲಿ ಯಾರ ಸವಾರ ಗೆಲ್ಲುತ್ತಾನೋ ಅವನಿಗೆ ಮಣೆ ಎಂದು ಹಿರಿಯರು ತೀರ್ಮಾನ ಮಾಡಿದರು. ಇಮಾಂ ಬಂದು ನನ್ನ ಕೈ ಹಿಡಿದು, "ಯಾರಿಗೆ ಸಿಕ್ಕರೂ ಮನಿಯಾಗ ಸಿಕ್ಕಾಂಗ ಬಿಡು" ಎಂದ. ಅವನಿಗೇನು, ಸಿಗುತ್ತದೆಂದು ಗೊತ್ತಿದ್ದವನು ಹಾಗೆಯೇ ಮಾತಾಡುತ್ತಾನೆ ಎಂದುಕೊಂಡೆ.

ಆ ಸಲ ಗಣಪತಿ ಹಬ್ಬ ಮತ್ತು ರಂಜಾನ್ ಒಟ್ಟಿಗೇ ಬಂದಿದ್ದವು. ಇಮಾಂಗೆ ರೋಜಾ, ಅಂದರೆ ಉಪವಾಸ. ಅದಕ್ಕೆ ಪಂಚರು, ಅವರೊಬ್ಬ ವಯಸ್ಸಾದ ವಕೀಲರು, ಬೆಳಿಗ್ಗೆಯೇ ಸಾರಿಬಿಟ್ಟರು: ಇಮಾಂ ಮೊದಲ ಗುಟುಕು ಕುಡಿಯುವುದು ಬೇಡ, ಮಾರುತಿಯೇ ಕುಡಿದುಕೊಳ್ಳಲಿ. ಯಾರೂ ಚಕಾರವೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮೂರು ಫೇರಿ ಹಾಗೆಯೇ ನಡೆಯಿತು. ನಾಲ್ಕನೆಯದಕ್ಕೆ ದತ್ತು ಮತ್ತು ಮಾರುತಿ ಇಬ್ಬರೂ ಹೆಗಲಿಗೆ ಹೆಗಲು ಹಚ್ಚಿ ನಾಕಾಕ್ಕೆ ಬಂದರು. ಕೊನೆಯ ಬಾಟ್ಲಿ ಕೊಡುವುದು ಅಲ್ಲಿಯೇ. ದತ್ತುವಿನ ನಿಂಬೆ ಶರಬತ್ತಿನಲ್ಲಿ ಎರಡು ಗುಳಿಗೆ ಪುಡಿ ಮಾಡಿ ಕಲಸಿದ್ದೆ. ಅವನಿಗೆ ಹೇಳಿರಲಿಲ್ಲ. ಪಂಚರ ಎದುರಿಗೆ ಎದೆ ಉಬ್ಬಿಸಿ ಮೊದಲ ಗುಟುಕು ಕುಡಿದೆ. ದತ್ತು ಗಟಗಟನೆ ಕುಡಿದು ಮುಂದೆ ಹೋದ. ಮಾರುತಿ ಇಮಾಂನತ್ತ ಕೈ ಚಾಚಿದ. ದತ್ತುವಿನ ಬೆನ್ನು ನೋಡಿದೆ, ಮಾರುತಿಯ ಕಾಲು ನೋಡಿದೆ. ಆ ಕಾಲು ಇನ್ನೂ ಹುರಿಗಟ್ಟಿಕೊಂಡು ನಿಂತಿತ್ತು. ಇವನೇ ಗೆಲ್ಲುತ್ತಾನೆ ಎಂದು ನನಗೆ ಕಂಡಿತು.

"ಪಂಚರs, ನಿಲ್ಲಸ್ರಿ!" ಎಂದು ಕೂಗಿದೆ. "ಇಮಾಂ ಮೊದಲ ಗುಟುಕು ಕುಡದಿಲ್ಲ. ಮೂರು ಫೇರಿ ಆತು, ಒಮ್ಮೆರ ಕುಡದಾನೇನ್ರಿ?"

"ಅವಂದು ರೋಜಾ ಅದನೋ ಗುರಪ್ಪ," ಎಂದರು ವಕೀಲರು. "ನಿನಗ ಗೊತ್ತಿಲ್ಲೇನು?"

"ರೋಜಾ ಅವನ ಮನಿ ಮಾತ್ರಿ. ಕಾಯದೆ ಎಲ್ಲಾರಿಗೂ ಒಂದs. ಹ್ವಾದ ವರ್ಷ ಅವನ ಬಾಟ್ಲಿ ತಳದಾಗ ಕಹಿ ಇತ್ತು, ನಾನs ನೆಕ್ಕಿ ನೋಡೇನಿ. ನನಗ ಸಂಶೆ ಐತಿ. ಮಾಡಿದಾವ ಕುಡೀಲಿ, ಪೂರಾ ಕುಡೀಲಿ!"

ಜನ ಸೇರಿತು. "ಕಾಯ್ ಝಾಲಂ, ಕಾಯ್ ಝಾಲಂ", ಏನಾಯಿತು ಏನಾಯಿತು ಎಂದು ಮರಾಠಿಯಲ್ಲಿ ಗದ್ದಲ. ಮಾರುತಿ ಒಂದು ಕಾಲು ನೆಲಕ್ಕೂರಿ ನಿಂತಿದ್ದ, ಅವನ ಬೆವರು ಪೆಡಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸಂಶಯ ಬಾಯಿಬಿಟ್ಟು ಹೇಳಿದ ಮೇಲೆ ಪಂಚರಿಗೂ ದಾರಿಯಿರಲಿಲ್ಲ.

"ಇಮಾಂ, ನಿನ್ನ ಮ್ಯಾಲೆ ಜಬರದಸ್ತಿ ಇಲ್ಲಪಾ," ಎಂದರು. "ಆದ್ರ ನೀ ಕುಡಿಯಲಿಲ್ಲಂದ್ರ ಮಾರುತಿ ಇಲ್ಲೇ ಇಳೀಬೇಕಾಗ್ತದ."

ಇಮಾಂ ನನ್ನನ್ನು ನೋಡಿದ. "ಗುರಪ್ಪಾ, ನೀ ಅಂತಿ ಏನು ಈ ಮಾತ?"

"ಹೌದು, ನಾನs ಅಂತೇನಿ."

ಅವನು ತುಟಿಯಲ್ಲೇ ಏನೋ ಅಂದುಕೊಂಡ. ಬಾಟ್ಲಿ ಎತ್ತಿ ನಿಲ್ಲಿಸದೆ ಪೂರಾ ಕುಡಿದ. ಬಾಯಿ ಒರೆಸಿಕೊಂಡು ಮಾರುತಿಯ ಬೆನ್ನು ತಟ್ಟಿ, "ಹೋಗು ಮಾರ್‍ಯಾ, ತಿರಿಗಿ ನೋಡಬ್ಯಾಡ" ಎಂದ. ಮಾರುತಿ ಒಣ ಬಾಯಲ್ಲಿ ಹೋದ. ಇಮಾಂ ಪಂಚರ ಕುರ್ಚಿಯ ಪಕ್ಕದಲ್ಲಿ ಜಾಲಿಮರದ ಕೆಳಗೆ ಕುಳಿತ. ನನ್ನ ಬಾಟ್ಲಿಯನ್ನು ಯಾರೂ ಕೇಳಲಿಲ್ಲ. ನಾನು ಪದ್ಧತಿಯ ಪ್ರಕಾರ ಕುಡಿದವನಲ್ಲವೇ!

ದತ್ತು ಎರಡು ಸೈಕಲ್ಲಿನಷ್ಟು ಅಂತರದಲ್ಲಿ ಗೆದ್ದ. ನೀರಿಲ್ಲದೆ, ನಾಕಾದಲ್ಲಿ ಅಷ್ಟು ಹೊತ್ತು ನಿಂತು ಹೋಗಿಯೂ ಮಾರುತಿ ಅಷ್ಟು ಹತ್ತಿರ ಬಂದಿದ್ದ. ಪೇಟೆಯವರು ದತ್ತುವಿನ ಜತೆ ನನ್ನನ್ನೂ ಹೆಗಲ ಮೇಲೆ ಕೂರಿಸಿಕೊಂಡರು. ಅರಿಷಿಣ ಎರಚಿದರು. ಹೊತ್ತು ಮುಳುಗುವವರೆಗೆ ಕುಳಿತರೂ ಇಮಾಂಗೆ ಏನೂ ಆಗಲಿಲ್ಲ ಎಂದು ಪಂಚರು ಸಾರಿದರು, ಆದರೆ ಅಷ್ಟರಲ್ಲಿ ಮಣೆ ನನ್ನದಾಗಿತ್ತು. ದತ್ತು ಎರಡು ದಿನ ಕಣ್ಣು ಮುಚ್ಚಲಿಲ್ಲ. ಹಲ್ಲು ಕಡಿಯುತ್ತ, ಬೆರಳಿನಿಂದ ನೆಲ ಬಾರಿಸುತ್ತ ಕುಳಿತಿದ್ದ. ಮೂರನೆಯ ದಿನ ನನ್ನ ಹತ್ತಿರ ಬಂದು, "ಕಾಕಾ, ಎದಿ ಭಾಳ ಹಾರತೈತ್ರಿ" ಎಂದ. ಹೊರಟವನು ಮತ್ತೆ ತಿರುಗಿ, "ಆದ್ರೂ ಕಾಕಾ, ಆ ಶರಬತ್ತ ಮತ್ತ ಮಾಡ್ತೀರೇನು?" ಎಂದ. ನಾನು ಮಾಡಿಕೊಟ್ಟೆ. ಡಬ್ಬಿ ಖಾಲಿಯಾಗುವವರೆಗೆ ಮಾಡಿಕೊಟ್ಟೆ.

ಈದ್ ಮುಗಿಯಿತು. ಇಮಾಂ ತಾಲೀಮಿಗೆ ಬರಲೇ ಇಲ್ಲ. ಒಂದು ದಿನ ಪೇಟೆಯಲ್ಲಿ ಅವನ ತಾಯಿ ಸಿಕ್ಕಳು. ಮಗ ಇನ್ನೂ ಉಪವಾಸ ಮಾಡುತ್ತಿದ್ದಾನೆ ಎಂದಳು. ಮೌಲವಿಗಳನ್ನು ಕೇಳಿದನಂತೆ: ಜೀವಕ್ಕೆ ಅಪಾಯವಿರಲಿಲ್ಲ, ಯಾರೂ ನಿನ್ನ ಬಾಯಿಗೆ ಸುರಿಯಲಿಲ್ಲ, ತಿಳಿದು ತಿಳಿದು ನೀನೇ ಮುರಿದೆ, ಹಾಗಿದ್ದ ಮೇಲೆ ಒಂದಕ್ಕೆ ಅರವತ್ತು ದಿನ, ನಡುವೆ ಒಂದೂ ಬಿಡದ ಹಾಗೆ, ಎಂದರಂತೆ. "ನಿನ್ನ ಮ್ಯಾಲೆ ಏನೂ ಅನ್ನಾಂಗಿಲ್ಲ ಅಂವಾ," ಎಂದು ಹೇಳಿ ಹೋದಳು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲವೆಂದಲ್ಲ, ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. ಏಕೆಂದರೆ ಅವನು ಬೀದಿಯಲ್ಲಿ ಹೋದರೆ ಪೈಲ್ವಾನರು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ನಿಲ್ಲುತ್ತಿದ್ದರು. ಗೆದ್ದವನು ನಾನು, ಮಣೆಯ ಮೇಲೆ ಕುಳಿತವನು ನಾನು, ಸಲಾಮು ಅವನಿಗೆ!

ಅರವತ್ತನೆಯ ದಿನ ಸಂಜೆ ಅವನ ಮನೆಗೆ ಹೋದೆ. ದಿನ ಎಣಿಸಿಟ್ಟುಕೊಂಡಿದ್ದೆ. ಚಳಿಗಾಲ ಆಗಲೇ ಬಂದಿತ್ತು. ಇಮಾಂ ಕಟ್ಟೆಯ ಮೇಲೆ ಬುರುಡೆ ಕೆರೆಯುತ್ತ ಕುಳಿತಿದ್ದ, ಕೆನ್ನೆಗಳು ಒಳಗೆ ಹೋಗಿದ್ದವು.

"ಇಮಾಂ, ನಿನ್ನ ಬಾಟ್ಲಿಯಾಗ ಕಹಿ ಏನಿತ್ತೋ?"

"ನಿಂಬಿ ಸಿಪ್ಪಿ. ಅವ್ವ ಸಿಪ್ಪಿ ಸುದ್ದಾ ಹಿಂಡತಾಳ."

"ನನ್ನ ಬಾಟ್ಲಿಯಾಗ..."

"ಗೊತ್ತೈತಿ," ಎಂದ. "ಮೂರು ಫೇರಿ ಆದ ಮ್ಯಾಲೆ ಗುಟುಕು ಕುಡ್ಯಾಕ ಎದಿ ಉಬ್ಬಸ್ದಿ ನೀ. ಮೊದಲಿನ ಮೂರಕ್ಕ ಉಬ್ಬಸಿದ್ದಿಲ್ಲ. ಸಂಜಿಮುಂದ ದತ್ತೂನ ಕಣ್ಣು ನೋಡಿದೆ, ಖಾತ್ರಿ ಆತು."

"ಮತ್ತ್ಯಾಕ ಹೇಳಲಿಲ್ಲ?"

"ಆ ಜನದಾಗ ಹೇಳಿದ್ರ ಕಲ್ಲು ಬೀಳೋದು ದತ್ತೂನ ಮ್ಯಾಲೆ, ನಿನ್ನ ಮ್ಯಾಲಲ್ಲ. ಅವಗೇನ ಗೊತ್ತಿತ್ತು, ಪಾಪ. ಮಣಿ ನೀನs ಇಟಗೋ ಗುರಪ್ಪ. ಆದ್ರ ಅವಗ ಒಂದ ಮಾತ ಹೇಳು, ಏನ ಕುಡಿಸಿದಿ ಅಂತ. ಗೊತ್ತಾದ್ರ ಬಿಟ್ಟಾನು. ಗೊತ್ತಾಗದಿದ್ರ ಹುಡುಕ್ಕೋತ ಹೋಗ್ತಾನ."

"ಆತು, ಹೇಳ್ತೇನಿ" ಎಂದೆ. ಹೇಳಲಿಲ್ಲ. ಹೇಳಿದರೆ ದತ್ತು ಪೇಟೆಯಲ್ಲಿ ಹೇಳುತ್ತಾನೆ, ಪೇಟೆಯವರು ವಸ್ತಾದರಿಗೆ ಹೇಳುತ್ತಾರೆ, ಮಣೆ ಮಿರಜದವರ ಪಾಲಾಗುತ್ತದೆ. ಮಣೆ ಹೋದರೂ ಹೋಗಲಿ ಎನ್ನಬಹುದಿತ್ತು. ಅದು ಇಮಾಂಗೆ ಹೋಗುತ್ತದೆಂಬುದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ಡಬ್ಬಿ ಖಾಲಿಯಾದ ಮೇಲೆ ಬರೀ ನಿಂಬೆಹುಳಿ ಕೊಟ್ಟೆ, ದತ್ತುವಿಗೆ ಅದು ಹಿಡಿಸಲಿಲ್ಲ. ಅದೇನೋ ಶಕ್ತಿಯ ಔಷಧ ಇರಬೇಕೆಂದು ತಾನೇ ಅಲ್ಲಿ ಇಲ್ಲಿ ಕೇಳತೊಡಗಿದ. ಯಾರು ಯಾರೋ ಏನೇನೋ ಕೊಟ್ಟರು. ಮೂವತ್ತು ದಾಟುವ ಮೊದಲೇ ಅವನ ಕೈ ನಡುಗಲು ಹತ್ತಿ ಸೈಕಲ್ ಬಿಟ್ಟ. ಸಂಸ್ಥಾನಗಳು ಹೋದವು, ಮಣೆಯ ಕೆಲಸ ಸರಕಾರಿ ಕೆಲಸವಾಯಿತು, ನಾನು ಅದರಿಂದಲೇ ನಿವೃತ್ತನಾದೆ. ಇಮಾಂ ಮತ್ತೆ ಯಾವ ಸವಾರನ ಕಾಲನ್ನೂ ಮುಟ್ಟಲಿಲ್ಲ, ತಂಬೂರಿ ಮಾಡಿಕೊಂಡಿದ್ದ.

ಹೋದ ವರ್ಷ ಇಮಾಂ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅಲ್ಲಿ ದತ್ತು ಗೋಡೆಗೆ ಹಣೆ ಹಚ್ಚಿ ಅಳುತ್ತಿದ್ದ. ನನ್ನ ಸವಾರ ಅವನು. ನನ್ನ ಕೈಯಲ್ಲಿ ಬೆಳೆದವನು. ನಾನು ಸತ್ತರೆ ಇವನು ಹೀಗೆ ಅತ್ತಾನೇ ಎಂದು ಯೋಚಿಸುತ್ತ ನಿಂತೆ. ಕೇಳಿಯೂ ಬಿಟ್ಟೆ: ನಿನಗೂ ಇಮಾಂಗೂ ಏನೋ ಇಷ್ಟು ನಂಟು?

"ಹತ್ತು ವರ್ಷ ಆತು ಕಾಕಾ," ಎಂದ. "ದಿನಾ ಸಂಜಿಗೆ ಈ ನನ್ನ ಕೈ ತಿಕ್ಕತಿದ್ರು. ಅಷ್ಟೊತ್ತರ ನಡಗೋದು ನಿಲ್ಲತಿತ್ತು."

ಹಾಗಾದರೆ ಇವನಿಗೆ ಎಲ್ಲ ಗೊತ್ತಾಗಿರಬೇಕು. "ಹಂಗಾದ್ರ ಇಮಾಂ ಬಾಟ್ಲಿದು ಎಲ್ಲಾ ಹೇಳ್ಯಾನೇನು?"

ದತ್ತು ಕಣ್ಣೊರೆಸಿಕೊಂಡು ನನ್ನನ್ನು ನೋಡಿದ. "ಯಾವ ಬಾಟ್ಲಿ, ಕಾಕಾ?"

ಹತ್ತು ವರ್ಷ ದಿನವೂ ಆ ಕೈ ಹಿಡಿದು ಕುಳಿತವನು ಒಂದು ಮಾತು ಬಾಯಿಬಿಟ್ಟಿರಲಿಲ್ಲ. ಸತ್ತವನ ಮೇಲೂ ನನಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷವಾದರೂ, ಗುರಪ್ಪನೇ ಹೇಳಿಯಾನು ಎಂದು ನನ್ನ ಮೇಲೆ ಭರವಸೆ ಇಟ್ಟು ಕಾದಿದ್ದನಲ್ಲ ಎಂದು.

ದತ್ತುವನ್ನು ಕಟ್ಟೆಯ ಮೇಲೆ ಕೂರಿಸಿದೆ. ಅವನ ಎರಡೂ ಕೈಗಳನ್ನು ನನ್ನ ಕೈಯಲ್ಲಿ ತೆಗೆದುಕೊಂಡು ಹಗುರಾಗಿ ತಿಕ್ಕುತ್ತ, ಸ್ಟೇಷನ್ನಿನ ಡ್ರೈವರನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಾನು ಹೇಳಿ ಮುಗಿಸಿದ ಮೇಲೆ ಅವನು ತನ್ನ ಕೈಗಳನ್ನು ಬಿಡಿಸಿಕೊಂಡ.